ಗಾಳಿ ನಿಂತಾಗ ಜಿಗಿಯುವವರು

ಐಲ್ಯಾಂಡ್ ಹಾರ್ಬರ್, ಅಂಗ್ವಿಲಾ
14 ಆಗಸ್ಟ್ 1988, ಭಾನುವಾರ

ಪ್ರೀತಿಯ ಡೆಲ್ಸಿ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ತಡವಾಯಿತೆಂದು ಬೇಸರಪಡಬೇಡ. ಆಗಸ್ಟ್ ಸೋಮವಾರದ ದೋಣಿ ಪಂದ್ಯ ಮುಗಿಯುವ ತನಕ ನಿನಗೆ ಏನು ಬರೆಯಬೇಕೆಂದು ನನಗೇ ಗೊತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ನೀವೆಲ್ಲ ಕ್ಷೇಮವಾಗಿದ್ದೀರಿ ಎಂದುಕೊಂಡಿದ್ದೇನೆ.

ಮೊದಲು ನನ್ನ ಮೊಮ್ಮಗಳು ಟೆಸ್ಸಾಳ ಪ್ರಶ್ನೆಗಳು. ಅಜ್ಜಿಯ ದ್ವೀಪದ ಬಗ್ಗೆ ಬರೆಯಲು ಶಾಲೆಯಲ್ಲಿ ಹೇಳಿದ್ದಾರಂತಲ್ಲ. ಬೆಟ್ಟವಿಲ್ಲ, ಹೊಳೆಯಿಲ್ಲ ಎಂದು ಬರೆಯಲಿ. ಸೂರಿನ ಮೇಲೆ ಬಿದ್ದ ಮಳೆ ಮನೆಯ ಕೆಳಗಿನ ತೊಟ್ಟಿಗೆ ಇಳಿಯುತ್ತದೆ, ಅದನ್ನೇ ಕುಡಿಯುತ್ತೇವೆ. ಗವರ್ನರ್ ನಿಮ್ಮ ಕಡೆಯಿಂದ ಬರುತ್ತಾರೆ. ಉಳಿದವರೆಲ್ಲ ಹೇಗೋ ಒಬ್ಬರಿಗೊಬ್ಬರು ನೆಂಟರು. ಆಡುಗಳು ಯಾರ ಮಾತನ್ನೂ ಕೇಳುವುದಿಲ್ಲ. ಗಾಳಿ ಇಲ್ಲದಾಗ ಹಾಯಿದೋಣಿ ಹೇಗೆ ಓಡುತ್ತದೆ ಎಂದು ಕೇಳಿದ್ದಾಳೆ. ಜಾಣೆ. ಹೆಚ್ಚು ತೂಕದವರು ಸಮುದ್ರಕ್ಕೆ ಜಿಗಿದು ದೋಣಿಯನ್ನು ಹಗುರ ಮಾಡುತ್ತಾರೆ, ಹಿಂದೆ ಬರುವ ಮೋಟಾರ್ ದೋಣಿ ಅವರನ್ನು ಎತ್ತಿಕೊಳ್ಳುತ್ತದೆ ಎಂದು ಹೇಳು. ಅಷ್ಟೇ ಸಾಕು.

ಹೋದ ವರ್ಷ ನಿನ್ನ ಅಪ್ಪ ಜಿಗಿದಾಗ ಈ ಮೋಟಾರ್ ದೋಣಿಯವರು ಆ ದೋಣಿ ಎತ್ತಿಕೊಂಡಿತು ಎಂದುಕೊಂಡರು, ಆ ದೋಣಿಯವರು ಈ ದೋಣಿ ಎಂದುಕೊಂಡರು. ಯಾರೂ ಎತ್ತಿಕೊಂಡಿರಲಿಲ್ಲ. ನಮ್ಮ ಹಾಯಿದೋಣಿ ಪೆಲಿಕನ್ ಗೆದ್ದಿತ್ತು. ದಡದಲ್ಲಿ ಎಲ್ಲರೂ ಕುಣಿಯುತ್ತಿದ್ದರು. ಪೆಲಿಕನ್ ಮಾರಿಬಿಡು, ತಮ್ಮ ಗಾರ್ನೆಟ್‌ನನ್ನು ಅದಕ್ಕೆ ಹತ್ತಿಸಬೇಡ ಎಂದು ನೀನು ಬರೆದದ್ದು ನನಗೆ ಅರ್ಥವಾಗುತ್ತದೆ.

ಆದರೆ ಗಾರ್ನೆಟ್ ಬಾಗಿಲಲ್ಲಿ ನಿಂತು, "ಅಮ್ಮಾ, ನೀನು ಬೇಡ ಅಂದ್ರೆ ಹಾಯಿ ಮುಟ್ಟಲ್ಲ" ಎಂದ.

"ಹೋಗು. ಎತ್ತಿಕೊಳ್ಳೋ ದೋಣೀಲಿ ನಾನಿರ್ತೀನಿ" ಎಂದೆ.

ಆ ಮೋಟಾರ್ ದೋಣಿ ಓಡಿಸುವವನು ನಿನ್ನ ಹೆಝಿ ಚಿಕ್ಕಪ್ಪ. ಅವನಿಗೆ ನಗು. "ಈಜೋಕೇ ಬರಲ್ಲ, ಯಾರನ್ನ ಎತ್ತೀಯ ಅತ್ತಿಗೆ?"

"ಕಣ್ಣು ಕಾಣತ್ತಲ್ಲ. ನೀನು ಓಡ್ಸು."

ಮದುವೆಯಾಗಿ ಇಷ್ಟು ವರ್ಷ ದಡದಲ್ಲೇ ನಿಂತು ಕೂಗಿದವಳು ನಾನು. ನಿನ್ನ ಅಪ್ಪ ಅಲ್ಲಿ ಏನು ನೋಡುತ್ತಿದ್ದರೋ ಎಂದು ಕುತೂಹಲವಿತ್ತು. ಸ್ವಲ್ಪ ದೂರ ಹೋದರೆ ನಮ್ಮ ದ್ವೀಪವೇ ಇಲ್ಲ ಡೆಲ್ಸಿ! ಚರ್ಚಿನ ತಗಡು ಮಾತ್ರ ನೀರಿನ ಮೇಲೆ ಹೊಳೆಯುತ್ತದೆ. ಇದನ್ನು ಅವರು ಒಮ್ಮೆಯೂ ಹೇಳಿರಲಿಲ್ಲ.

ಕೊನೆಯ ತಿರುವಿನಲ್ಲಿ ಗಾಳಿ ನಿಂತಿತು. "ಥಿಯೊ, ಮಾಂಸದ ಗುಡ್ಡವೇ, ಇಳಿಯೋ!" ಎಂದು ಗಾರ್ನೆಟ್ ಕೂಗಿದ.

"ನಿಮ್ಮಮ್ಮ ತಿನ್ಸಿದ ಜಾನಿಕೇಕ್‌ದು ತಪ್ಪು, ನಂದಲ್ಲ!" ಎನ್ನುತ್ತಲೇ ಥಿಯೊ ಧುಮುಕಿದ. ಅವನ ಹಿಂದೆ ಇನ್ನಿಬ್ಬರು. ಪ್ರತಿಯೊಬ್ಬರ ಹೆಸರು ಕೂಗಿ ಬೆರಳು ತೋರಿಸಿದೆ. ಒಬ್ಬೊಬ್ಬನ ಅಂಗಿಯೂ ನನ್ನ ಕೈಗೆ ಸಿಗುವ ತನಕ ಹೆಝಿಯನ್ನು ಮುಂದೆ ಹೋಗಲು ಬಿಡಲಿಲ್ಲ. "ಅಮ್ಮಾ, ನನ್ ಟೋಪಿನೂ ಹುಡುಕಿ" ಎಂದ ಥಿಯೊ, ಮೂಗಿನಲ್ಲಿ ನೀರು ಸುರಿಸುತ್ತಾ.

ಪೆಲಿಕನ್ ಮೂರನೆಯದಾಗಿ ಬಂತು. ಅದನ್ನು ಮಾರುವುದಿಲ್ಲ. ಇನ್ನು ನಮ್ಮ ದೋಣಿಯಿಂದ ಜಿಗಿದವರನ್ನು ನಾವೇ ಎತ್ತಬೇಕು, ಬೇರೆಯವರನ್ನು ನಂಬಿ ಕೂರುವಂತಿಲ್ಲ ಎಂದು ಎಲ್ಲರೆದುರು ಹೇಳಿದ್ದೇನೆ.

ಚಳಿ ಶುರುವಾದ ಮೇಲೆ ಮಗುವಿನ ಕಿವಿ ಮುಚ್ಚು. ದೇವರು ನಿಮ್ಮ ಮೇಲೆ ಕಣ್ಣಿಟ್ಟಿರಲಿ.

ನಿನ್ನ ಅಮ್ಮ,
ಲೂಯಿನಾ

ಮರೆತಿದ್ದೆ: ದೇಹ ಸಿಗದಿದ್ದರೂ ಚರ್ಚಿನ ಅಂಗಳದಲ್ಲಿ ಅಪ್ಪನ ಹೆಸರಿನ ಕಲ್ಲು ನಿಲ್ಲಿಸೋಣ ಎಂದು ನೀನು ಬರೆದಿದ್ದೆ. ಈ ವರ್ಷ ಬೇಡ, ಮಗಳೇ. ಪಂದ್ಯದ ದಿನ ಮೂವರನ್ನೂ ಎತ್ತಿಕೊಂಡ ಮೇಲೆ ಹೆಝಿ ದೋಣಿ ತಿರುಗಿಸಿದ. "ತಾಳು, ಇನ್ನೊಬ್ರು ಬರ್ಬೇಕು" ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಅವನು ಎಂಜಿನ್ ಆರಿಸಿದ. ನಾನು ಸಾಕು ಎನ್ನುವ ತನಕ ಅವರೆಲ್ಲ ನನ್ನ ಜೊತೆ ನೀರು ನೋಡುತ್ತಾ ಕೂತಿದ್ದರು.