ಮುನಿಯಪ್ಪನ ಗಿಡಕ್ಕೆ ಪಂಚೆ

ಆಗಸ್ಟ್ 12, ಬೆಳಿಗ್ಗೆ 6.40
ಇವತ್ತೂ ತಾಯಿ ಸಾಲುಗಳಲ್ಲಿ ಗಂಡು ಗಿಡ ಕೀಳುವ ಕೆಲಸ. ನಾನು, ಕೂಲಿಗೆ ಬರುವ ಮಾದಮ್ಮ, ಇನ್ನೂ ನಾಲ್ವರು ಹೆಂಗಸರು. ಗಿಡ ಗಾಂಜಾ ಜಾತಿಯದೇ, ಆದರೆ ನಾರಿನ ತಳಿ, ಅಮಲಿಲ್ಲ. ಗೇಟಿನಲ್ಲಿ ಪರ್ಮಿಟ್ ಬೋರ್ಡೇ ಇದೆ. ಆದರೂ ಸೇಲಂನ ನಮ್ಮ ಮಗ್ಗದ ಬೀದಿಗೆ ನಾನೀಗ ‘ಗಾಂಜಾ ಶಶಿರೇಖಾ’. ಇರಲಿ ಬಿಡು.

ತಾಯಿ ತಳಿ ಗಿಡ್ಡ, ದಪ್ಪ ನಾರು, ಕೆಂಪು ಕಾಂಡ. ತಂದೆ ತಳಿ ಎತ್ತರ, ಹಸಿರು. ತಂದೆಯ ಪರಾಗ ಮಾತ್ರ ತಾಯಿಗೆ ಬಿದ್ದರೆ ಮಕ್ಕಳೆಲ್ಲ ಹಸಿರು ಕಾಂಡ — ನನ್ನ ಹೈಬ್ರಿಡ್. ತಾಯಿ ಸಾಲಿನದೇ ಗಂಡು ಗಿಡ ಉಳಿದರೆ ಕೆಂಪು ಹುಟ್ಟುತ್ತದೆ. ಇನ್ನೂರು ಸಸಿಯಲ್ಲಿ ಐದಕ್ಕಿಂತ ಹೆಚ್ಚು ಕೆಂಪಾದರೆ ತಳಿ ರಿಜೆಕ್ಟ್. ಮೂರು ವರ್ಷದ ಕೆಲಸ.

ಮಾದಮ್ಮನ ಬೆರಳು ಮೊಗ್ಗು ಮುಟ್ಟಿದರೆ ಸಾಕು, ಗಂಡೋ ಹೆಣ್ಣೋ ಗೊತ್ತಾಗುತ್ತದೆ. ನನಗೆ ಲೆನ್ಸ್ ಬೇಕು. ಹೊಟ್ಟೆಕಿಚ್ಚು.

ಆಗಸ್ಟ್ 15
ರಜೆ. ಗಿಡಕ್ಕೆಲ್ಲಿ ರಜೆ... ಒಬ್ಬಳೇ ಸುತ್ತಿದೆ. ಈಶಾನ್ಯ ಮೂಲೆಯಲ್ಲಿ, ತಾಯಿ ಸಾಲಿನಲ್ಲೇ, ಒಂದು ಗಂಡು ಗಿಡ! ಅರಿಶಿನ ದಾರ ಬೇರೆ ಕಟ್ಟಿದೆ. ಇನ್ನೆರಡು ದಿನಕ್ಕೆ ಹೂ ಬಿರಿಯುತ್ತದೆ.

ಆಗಸ್ಟ್ 16
ಮಾದಮ್ಮನನ್ನು ಕೇಳಿದೆ. ತಮಿಳರ ಹಾಗೆ ಪ್ರೀತಿಗೆ ನನ್ನನ್ನು ‘ಕಣ್ಣು’ ಅಂತಲೇ ಕರೆಯುತ್ತಾಳೆ. “ಮುಟ್ಬೇಡ ಕಣ್ಣು. ಅದು ಮುನಿಯಪ್ಪನ್ದು. ಮೊದಲ್ನೇ ದಿನ ಗಂಡು ಕೀಳುವಾಗ್ಲೇ ಬಿಟ್ಟಿವ್ನಿ.” ರಾಗಿಯಾಗಲಿ ಅವರೆಯಾಗಲಿ, ಇಲ್ಲಿ ಮೂಲೆಯ ಒಂದು ಗಿಡ ದೇವರಿಗೆ ಬಿಡುವುದು ವಾಡಿಕೆಯಂತೆ.
“ಹೆಣ್ಣು ಗಿಡ ಬಿಡಬಹುದಿತ್ತಲ್ಲ?”
“ಮುನಿಯಪ್ಪನ್ಗೆ ಎಣ್ಣು ಗಿಡವಾ! ಕಿತ್ರೆ ಸಾಮಿ ಕುತ್ತಂ ಆಯ್ತದೆ, ದ್ಯಾವ್ರು ಮುನಿಸ್ಕೊತಾನೆ. ನಾನಂತೂ ಒಲಕ್ಕೆ ಕಾಲಿಡಾಕಿಲ್ಲ.”
ನನಗೆ ತಲೆ ಕೆಟ್ಟಿತು. ಎಲ್ಲರ ಮುಂದೆ ಕೂಗಾಡಿದೆ — ನನ್ನ ಮೂರು ವರ್ಷ ನಿನ್ನಿಂದ ಮಣ್ಣುಪಾಲು ಅಂತ. ಅವಳು ಸೆರಗು ಕೊಡವಿ ಗೇಟಿನತ್ತ ನಡೆದಳು. ನನಗೇ ನಾಚಿಕೆಯಾಯಿತು, ಆದರೆ ಒಪ್ಪಿಕೊಳ್ಳಲಿಲ್ಲ.

ಮಧ್ಯಾಹ್ನ 3
ಅವಳೇ ಬಂದಳು. “ಕೀಳೋದು ತಪ್ಪು. ಬಟ್ಟೆ ಉಡಿಸಿದ್ರೆ ತಪ್ಪಾ?”
ತಪ್ಪಾಗುವುದೆಲ್ಲಿ! ಪರಾಗ ಹೊರಗೆ ಬರದಂತೆ ಚೀಲ ಕಟ್ಟುವುದು ನಾವು ಓದಿದ್ದೇ. ನನಗೇ ಹೊಳೆಯಲಿಲ್ಲವಲ್ಲ! ಮನೆಯಲ್ಲಿ ಅಪ್ಪನ ಮಗ್ಗ ಇದೆಯಲ್ಲ, ಸೇಲಂ ಬಸ್ ಹತ್ತಿದೆ.

ಅಪ್ಪನಿಗೆ ಹೇಳಿದೆ: ಗಾಳಿ ಹೋಗಬೇಕು, ಧೂಳು ಹೋಗಬಾರದು, ಅಂಥ ಪಂಚೆ. “ಯಾರ್ಗಮ್ಮಾ?” “ಒಂದು ಗಿಡಕ್ಕೆ.” ಸ್ವಲ್ಪ ಯೋಚಿಸಿ, “ಜರಿ ಅಂಚು ಬೇಕಾ?” ಅಂದರು.

ಆಗಸ್ಟ್ 17
ಬೆಳಿಗ್ಗೆ ಮೊದಲ ಬಸ್ಸಿಗೇ ವಾಪಸ್. ಮಾದಮ್ಮ ಎರಡು ಪದರ ಮಾಡಿ ಹೊಲಿದು, ಕರ್ಪೂರ ಹಚ್ಚಿ ಉಡಿಸಿದಳು. ಜರಿ ಅಂಚು ಇದೆ. ಪರ್ಮಿಟ್ ಪ್ರಕಾರ ಗಿಡ ಎಣಿಸಲು ಬಂದ ಕಾನ್‌ಸ್ಟೇಬಲ್ ಕಾಳಿಯಪ್ಪನ್ ಅದರ ಮುಂದೆ ನಿಂತ. ಆಮೇಲೆ ಚಪ್ಪಲಿ ಬಿಟ್ಟು ಎಣಿಸಿದ.

ಅಕ್ಟೋಬರ್ 9
ಬೀಜ ಒಕ್ಕಿದ್ದಾಯಿತು. ಸಾಲುವಾರು ಟ್ಯಾಗ್ ಹಾಕಿದೆ. ಮಾದಮ್ಮ ಕೋಳಿ ಸಾರು ತಂದಿದ್ದಳು. ಸುಮ್ಮಸುಮ್ಮನೆ ಖುಷಿ. ಅವತ್ತಿನ ಮಾತು ಇಬ್ಬರೂ ಎತ್ತಲಿಲ್ಲ.

ನವೆಂಬರ್ 3, 11.15
ಪರೀಕ್ಷೆಗೆ ಬಿತ್ತಿದ ಆ ಬೀಜದಿಂದ ಇನ್ನೂರು ಸಸಿ. ನೂರ ತೊಂಬತ್ತಾರು ಹಸಿರು. ನಾಲ್ಕೇ ಕೆಂಪು. ಪಾಸ್! ಕುಣಿಯಬೇಕು ಅನ್ನಿಸಿತು. ಕುಣಿದೆ ಕೂಡ, ಬಾಗಿಲು ಹಾಕಿಕೊಂಡು.

11.40
ಆ ನಾಲ್ಕರ ಟ್ಯಾಗ್ ನೋಡಿದೆ. ಮುನಿಯಪ್ಪನ ಮೂಲೆಯ ಸಾಲುಗಳಲ್ಲಿ ಒಂದೂ ಇಲ್ಲ. ನಾಲ್ಕೂ ಏಳನೇ ಸಾಲಿನವು, ಹೊಲದ ಆ ತುದಿ. ಅಲ್ಲಿ ಯಾರು ಗಂಡು ಗಿಡ ಬಿಟ್ಟದ್ದು? ಫೀಲ್ಡ್ ಬುಕ್ ತೆಗೆದೆ. ಏಳನೇ ಸಾಲು, ಕಿತ್ತವರ ಸಹಿ — ಶಶಿರೇಖಾ.

ಲೆನ್ಸ್ ಹಿಡಿದು ನೋಡಿದ್ದೆನಲ್ಲ...

11.50
ಮಾದಮ್ಮ ಬೆಳಿಗ್ಗೆಯಿಂದ ಜಗಲಿಯಲ್ಲೇ ಕೂತಿದ್ದಾಳೆ, ಟೀ ಕೂಡ ಕುಡಿದಿಲ್ಲ. ಈಗ ಕಿಟಕಿಗೆ ಬಂದು, “ಕೆಂಪು ಬಂದೈತಂತೆ. ನನ್ನಿಂದಾನೇ ಅಲ್ವಾ ಕಣ್ಣು?” ಅಂದಳು. ಉಳಿದ ನಾಲ್ವರೂ ಹಿಂದೆ ನಿಂತಿದ್ದಾರೆ. ಒಳ್ಳೆಯದೇ ಆಯಿತು. ಎದ್ದು ಹೋಗುತ್ತೇನೆ. ಅವತ್ತು ಕೂಗಿದಷ್ಟೇ ಜೋರಾಗಿ, ಅವರೆಲ್ಲರ ಮುಂದೆ ಹೇಳುತ್ತೇನೆ: ಮಾದಮ್ಮಾ, ಏಳನೇ ಸಾಲು ನನ್ನದು —