ಕಮಲಳ ಕೈಗುಣ

ಪಾಳ್ಯ
೧೪-೩-೨೦೦೪, ಭಾನುವಾರ

ಚಿ. ಸೌ. ಕಮಲಳಿಗೆ,

ನಿನ್ನ ಅಪ್ಪನ ಆಶೀರ್ವಾದ. ನಿನ್ನ ಅಮ್ಮನ ಮೊಣಕಾಲು ಒಂದನ್ನು ಬಿಟ್ಟರೆ ಇಲ್ಲಿ ಮಿಕ್ಕಿದ್ದೆಲ್ಲ ಸರಿಯಾಗಿದೆ. ಅಳಿಯಂದಿರ ಪಂಚರ್ ಅಂಗಡಿ ಚೆನ್ನಾಗಿ ನಡೆಯುತ್ತಿದೆ ಎಂದು ಮಾರನಹಳ್ಳಿ ಕಡೆಯಿಂದ ಬಂದ ಲಾರಿಯವನೊಬ್ಬ ಹೇಳಿದ. ಘಾಟಿ ರಸ್ತೆ ಹಾಳಾದಷ್ಟೂ ರಂಗಸ್ವಾಮಿಯವರಿಗೆ ಒಳ್ಳೆಯದು. ದೇವರು ಆ ರಸ್ತೆಯನ್ನು ಹಾಗೆಯೇ ಇಟ್ಟಿರಲಿ.

ಅಪ್ಪನ ಕಾಗದ ಕಂಡು ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ಬಾಳ್ಳುಪೇಟೆಯ ಬೂತಿನಿಂದ ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ಹೇಗಿದ್ದೀರಾ ಎಂದು ಕೇಳಿ, ಮರುಗಳಿಗೆಗೆ ಅಮ್ಮನಿಗೆ ಕೊಡಿ ಅನ್ನುತ್ತೀಯ. ಹಬ್ಬಕ್ಕೆ ಬಂದಾಗಲೂ ಅಷ್ಟೇ. ಬಡಿಸುವಾಗ ಇನ್ನೂ ಹಾಕಲೇ ಎನ್ನುವುದನ್ನು ಬಿಟ್ಟರೆ ನನ್ನೊಂದಿಗೆ ನಿನಗೆ ಎರಡನೆಯ ಮಾತಿಲ್ಲ. ಕಾಗದವಾದರೆ ಪೂರ್ತಿ ಓದುತ್ತೀಯ ಎಂಬ ಆಸೆಯಿಂದ ಬರೆಯುತ್ತಿದ್ದೇನೆ. ಹಾಳೆಯೂ ಪುಕ್ಕಟೆ. ತರಬೇತಿಯವರು ನನಗೂ ಒಂದು ನೋಟ್‌ಬುಕ್, ಒಂದು ಪೆನ್ನು ಕೊಟ್ಟಿದ್ದಾರೆ.

ತರಬೇತಿ ಎಂದೆನಲ್ಲ, ಅದನ್ನು ಮೊದಲು ಹೇಳುತ್ತೇನೆ. ಪಾಳ್ಯದ ಪಕ್ಕದ ಶಾಂತಮಲ್ಲಪ್ಪನವರ ಎಸ್ಟೇಟಿನಲ್ಲಿ ಕಾಫಿ ಕುಯ್ಲು ಮುಗಿದು ಸ್ಟೋರ್ ಖಾಲಿಯಾಗಿತ್ತು. ಅಲ್ಲಿ ಒಂದು ತಿಂಗಳು ಹೆಂಗಸರಿಗೆ ಕುಂಬಾರಿಕೆ ಕಲಿಸುತ್ತಾರೆ. ಕಲಿಸುವವರು ಮಧುಶ್ರೀ ಎಂಬ ಮೇಡಂ, ಮೈಸೂರಿನಲ್ಲಿ ಇದನ್ನೇ ಓದಿದವರಂತೆ. ಮಡಕೆ ಮಾಡುವುದಕ್ಕೂ ಕಾಲೇಜು ಇದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ನಿನ್ನ ತಾತನ ಕೈಯಲ್ಲಿ ಏಟು ತಿಂದು ಕಲಿಯುತ್ತಿರಲಿಲ್ಲ. ಮಣ್ಣು ಹದ ಮಾಡಲು ಊರಿನ ಕುಂಬಾರ ಒಬ್ಬ ಬೇಕು ಎಂದು ನನ್ನನ್ನು ಕರೆದರು. ಈಗ ಎಲ್ಲರೂ ನನ್ನನ್ನು ಗುರುಗಳೇ ಅನ್ನುತ್ತಾರೆ. ನಿನ್ನ ಅಮ್ಮನಿಗೆ ಮಾತ್ರ ಇದು ದಿನವೂ ನಗೆಯ ವಿಷಯ.

ಮೊದಲ ದಿನ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೆಂಗಸರು ತಿಗುರಿ ಮುಟ್ಟಬಾರದು ಎಂದು ಕೇಳಿಕೊಂಡೇ ಬೆಳೆದವನು ನಾನು. ಮಣ್ಣು ಹೊರಬಹುದು, ಮಡಕೆಯ ತಳ ತಟ್ಟಬಹುದು, ಉಜ್ಜಬಹುದು, ತಲೆಯ ಮೇಲೆ ಹೊತ್ತು ಮಾರಬಹುದು, ತಿರುಗುವ ಚಕ್ರದ ಮುಂದೆ ಮಾತ್ರ ಕೂರಬಾರದು. ನಿನ್ನ ಅಮ್ಮ ನಲವತ್ತು ವರ್ಷ ನನ್ನ ಜೊತೆ ಮಣ್ಣಿನಲ್ಲಿ ದುಡಿದಳು, ಒಂದು ದಿನವೂ ಅದರ ಮುಂದೆ ಕೂತವಳಲ್ಲ. ಅಲ್ಲಿ ನೋಡಿದರೆ ಎಸ್ಟೇಟಿನ ಕೂಲಿಯವರ ಲೈನ್‌ಮನೆಯಲ್ಲಿರುವ ರಾಮಮ್ಮ, ಐವತ್ತು ದಾಟಿದವಳು, ಸೆರಗು ಸಿಕ್ಕಿಸಿಕೊಂಡು ಕರೆಂಟಿನ ಚಕ್ರದ ಮುಂದೆ ಕೂತಿದ್ದಾಳೆ. ಮಣ್ಣು ಅವಳ ಕೈ ತಪ್ಪಿಸಿಕೊಂಡು ಅತ್ತ ಇತ್ತ ಓಡುತ್ತಿದೆ. ಅವಳು ನಗುತ್ತಾ, "ಕಾಫಿ ಗಿಡ ಆದ್ರೆ ನಿಂತ್ಕಂಡಿರ್ತದೆ ಕಣಣ್ಣ, ಇದು ನಿಲ್ಲಾಕಿಲ್ಲ ಅಂತೈತೆ, ಏನ್ ಮಾಡ್ಲೋ ಮಾರಾಯ" ಎಂದಳು.

ನಾನು ಸುಮ್ಮನೆ ನಿಂತಿದ್ದರೆ ಆಗುತ್ತಿತ್ತು. ಆದರೆ ಮಣ್ಣು ಹಾಳಾಗುವುದನ್ನು ನೋಡಿಕೊಂಡಿರಲು ಈ ಕಣ್ಣಿಗೆ ಅಭ್ಯಾಸವಿಲ್ಲ. ಮೊಣಕೈಯನ್ನು ತೊಡೆಗೆ ಒತ್ತಿಕೋ, ಕೈ ಅಲುಗಬಾರದು, ಮೊದಲು ಮಣ್ಣು ನಡುವಿಗೆ ಬರಲಿ, ಆಮೇಲೆ ಹೆಬ್ಬೆರಳು ಇಳಿಸು ಎಂದೆ. ಅವಳು ಹಾಗೆಯೇ ಮಾಡಿದಳು, ಮಣ್ಣು ನಿಂತಿತು. ಸುತ್ತ ಇದ್ದವರೆಲ್ಲ ಚಪ್ಪಾಳೆ ಹೊಡೆದರು. ನಾನು ಕೈ ತೊಳೆಯುವ ನೆಪದಲ್ಲಿ ತೊಟ್ಟಿಯ ಹತ್ತಿರ ಹೋಗಿ ನಿಂತೆ. ನನ್ನ ಅಪ್ಪ ನನಗೆ ಹೇಳಿಕೊಟ್ಟ ಮಾತುಗಳು ಅವು. ನಾನು ನಿನಗೆ ಹೇಳಿಕೊಡಬೇಕಾಗಿದ್ದ ಮಾತುಗಳನ್ನು ಮೊದಲ ಸಲ ಇನ್ನೊಬ್ಬರ ಮನೆಯ ಹೆಂಗಸಿಗೆ ಹೇಳಿದ್ದೆ.

ಮಾರನೆಯ ದಿನ ಊಟದ ಡಬ್ಬಿ ಕೊಡಲು ನಿನ್ನ ಅಮ್ಮ ಬಂದಳು. ಬಾಗಿಲಲ್ಲೇ ನಿಂತು ಎಲ್ಲವನ್ನೂ ನೋಡಿದಳು. ಅವಳ ಬಾಯಿ ನಿನಗೆ ಗೊತ್ತಲ್ಲ, ಅಷ್ಟು ಜನರ ಎದುರು ಗಟ್ಟಿಯಾಗಿಯೇ, "ಅಲ್ಲಾ ಕಣ್ರೀ, ನಿಮ್ ಮಗ್ಳು ಮುಟ್ಟುದ್ರೆ ಕೆಡ್ತದೆ, ಊರೋರ್ ಹೆಂಡ್ರು ಮುಟ್ಟುದ್ರೆ ಕೂಲಿ ಸಿಗ್ತದೆ. ಇದ್ಯಾವ್ ಶಾಸ್ತ್ರ ಕಣ್ರೀ?" ಎಂದು ಕೇಳಿದಳು. ಡಬ್ಬಿ ಅಲ್ಲೇ ಇಟ್ಟು ಹೊರಟುಹೋದಳು. ಅವತ್ತು ನಾನು ಉಣ್ಣಲಿಲ್ಲ.

ಮಗಳೇ, ಆ ಬೇಸಿಗೆಯ ಮಾತನ್ನು ಹದಿಮೂರು ವರ್ಷದಿಂದ ಈ ಮನೆಯಲ್ಲಿ ಯಾರೂ ಎತ್ತಿಲ್ಲ. ಇವತ್ತು ನಾನೇ ಎತ್ತುತ್ತೇನೆ. ನಿನಗೆ ಆಗ ಹನ್ನೆರಡು. ಹಾರೋಹಳ್ಳಿಯವರ ಮದುವೆಗೆ ಶಾಸ್ತ್ರದ ಮಡಕೆಗಳನ್ನು ಮಾಡುತ್ತಿದ್ದೆ. ಮಧ್ಯಾಹ್ನ ನಾನು ಉಂಡು ಮಲಗಿದ್ದಾಗ ನೀನು ಕೊಟ್ಟಿಗೆಗೆ ಹೋಗಿ ತಿಗುರಿಯ ಮುಂದೆ ಕೂತು ಒಂದು ಕುಡಿಕೆ ಎತ್ತಿದೆ. ನಾನು ಎದ್ದು ಬಂದು ನೋಡಿದೆ. ನಿನಗೆ ಬೈದೆ. ಅದರ ಕಂಠ ಒಂದೇ ಸಮ ಇತ್ತು ಎಂಬುದನ್ನು ಮಾತ್ರ ಹೇಳಲಿಲ್ಲ. ನನ್ನ ಕೈಯಲ್ಲಿ ಅಂಥ ಕಂಠ ಬರಲು ಎರಡು ವರ್ಷ ಹಿಡಿದಿತ್ತು. ಒಳಗೊಳಗೇ ಹಿಗ್ಗಿ, ಯಾರಿಗೂ ಕಾಣದಂತೆ ಅದನ್ನು ದೊಡ್ಡ ಮಡಕೆಗಳ ಸಂದಿಯಲ್ಲಿ ಇಟ್ಟು ಆವಿಗೆಯಲ್ಲಿ ಸುಟ್ಟವನು ನಾನೇ. ಇದು ನಿನಗೆ ಗೊತ್ತಿರಲಾರದು.

ಆವಿಗೆ ತೆಗೆದಾಗ ನಿನ್ನ ದೊಡ್ಡಪ್ಪ ಬೋರಯ್ಯ ಆ ಕುಡಿಕೆ ನೋಡಿದ. ಇದು ನಿನ್ನ ಕೈಯದ್ದಲ್ಲವಲ್ಲ ಎಂದ. ನಾನು ನಕ್ಕೆ, ಅವನಿಗೆ ಅರ್ಥವಾಯಿತು. ಮಡಕೆಗಳು ಚೆನ್ನಾಗಿಯೇ ಬೆಂದಿದ್ದವು. ಬಡಿದರೆ ಗಂಟೆಯ ಹಾಗೆ ಸದ್ದು. ಸುಣ್ಣ, ಕೆಮ್ಮಣ್ಣಿನಲ್ಲಿ ಚಿತ್ರ ಬರೆದು ನಿನ್ನ ಅಮ್ಮ ಮದುವೆ ಮನೆಗೆ ಕಳಿಸಿದಳು. ಅಷ್ಟರಲ್ಲಿ ಕಾಫಿಯ ಹೂಮಳೆ ಎರಡು ದಿನ ಹೊಡೆಯಿತು. ಎಂಟನೆಯ ದಿನ, ಇನ್ನೇನು ಚಪ್ಪರದ ಶಾಸ್ತ್ರ ಎನ್ನುವಾಗ, ಮಡಕೆಗಳ ಮೈಯಿಂದ ಚಕ್ಕೆ ಚಕ್ಕೆಯಾಗಿ ಉದುರತೊಡಗಿತಂತೆ. ಮದುವೆ ಮನೆಯಲ್ಲಿ ಮಡಕೆ ಉದುರುವುದೆಂದರೆ ಎಂಥ ಅಪಶಕುನ ಎಂದು ನಿನಗೆ ಹೇಳಬೇಕಾಗಿಲ್ಲ. ಗಾಡಿಯಲ್ಲಿ ಹೇರಿಕೊಂಡು ಬಂದು ನಮ್ಮ ಕೊಟ್ಟಿಗೆಯಲ್ಲಿ ಸುರಿದರು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಆಗ ಬೋರಯ್ಯ, "ಹೆಣ್ಣೈಕ್ಳು ತಿಗುರಿ ಮುಟ್ಟುದ್ರೆ ಇನ್ನೇನಾಯ್ತದೆ? ಈ ಹುಡ್ಗಿ ಕೈಗುಣ ಸರಿಗಿಲ್ಲ ಕಣೋ, ಎಲ್ಲಾನೂ ಹಾಳ್ಮಾಡ್ಬುಟ್ಲು" ಎಂದ. ನಾನು ಅವರೆಲ್ಲರ ಎದುರಿಗೆ ನಿನ್ನ ಕೆನ್ನೆಗೆ ಹೊಡೆದೆ.

ಒಂದು ಏಟಷ್ಟೇ ಆಗಿದ್ದರೆ ನೀನು ಮರೆಯುತ್ತಿದ್ದೆ ಏನೋ. ಮಾತು ಮರೆಯಲು ಊರು ಬಿಡಲಿಲ್ಲ. ಅಂದಿನಿಂದ ಯಾವ ಮದುವೆಯಲ್ಲೂ ನಿನ್ನನ್ನು ಮಡಕೆ ಇಡಲು ಕರೆಯಲಿಲ್ಲ. ಹೋದ ವರ್ಷ ನಿನ್ನ ನಾದಿನಿಯ ಮದುವೆಯಲ್ಲಿ ನಾನೇ ಕಣ್ಣಾರೆ ಕಂಡೆ. ನಿನ್ನ ಅತ್ತೆ ಕಳಶ ಹಿಡಿ ಬಾ ಎಂದು ಕರೆದರು. ಅವರಿಗೆ ನಮ್ಮೂರಿನ ಕಥೆ ಗೊತ್ತೇ ಇಲ್ಲ. ನೀನು ನನ್ನ ಕೈ ಬೇಡ ಅತ್ತೆ ಎಂದು ಹಿಂದೆ ಸರಿದೆ. ಊರು ಆಡಿದ್ದನ್ನು ನೀನೂ ನಂಬಿಬಿಟ್ಟಿದ್ದೀಯ ಎಂದು ನನಗೆ ಗೊತ್ತಾಗಿದ್ದು ಅವತ್ತು.

ಈಗ ಕೇಳು, ಈ ಕಾಗದ ಬರೆಯುವುದಕ್ಕೆ ಕಾರಣವಾದ ಸಂಗತಿ. ಮಧುಶ್ರೀ ಮೇಡಂ ಫೆಬ್ರವರಿಯಲ್ಲೇ ಬಂದು ನಮ್ಮ ಕೆರೆಯ ಮಣ್ಣನ್ನು ಒಯ್ದು, ಪರೀಕ್ಷೆಗೆಂದು ಬಿಲ್ಲೆಗಳನ್ನು ಸುಟ್ಟು ತಂದಿದ್ದರು. ಕಳೆದ ಬುಧವಾರ ಡಬ್ಬಿ ತೆಗೆದು ನೋಡಿದರೆ ಬಿಲ್ಲೆಗಳ ಮೈಯೆಲ್ಲ ಚಕ್ಕೆ ಎದ್ದಿದೆ. ಆ ಮದುವೆಯ ಮಡಕೆಗಳಲ್ಲಿ ಎದ್ದ ಅದೇ ಚಕ್ಕೆ. ಮೇಡಂ ಸ್ವಲ್ಪವೂ ಗಾಬರಿಯಾಗಲಿಲ್ಲ. ಚಕ್ಕೆ ಎದ್ದ ಗುಳಿಯಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆ ತೋರಿಸಿದರು. ಕೆರೆಯ ಮಣ್ಣಿನಲ್ಲಿ ಬಸವನಹುಳುವಿನ ಚಿಪ್ಪಿನ ಚೂರು ಇರುತ್ತದೆ, ಅದು ಬೆಂಕಿಯಲ್ಲಿ ಸುಣ್ಣವಾಗುತ್ತದೆ, ಆಮೇಲೆ ಗಾಳಿಯ ತೇವ ಕುಡಿದು ಉಬ್ಬಿ ಮಡಕೆಯ ಮೈ ಒಡೆದುಕೊಂಡು ಹೊರಗೆ ಬರುತ್ತದೆ ಎಂದರು. ಅಷ್ಟೇ ಮಗಳೇ. ಒಂದು ಹುಳುವಿನ ಚಿಪ್ಪು. ಅದಕ್ಕೆ ಚಕ್ರದ ಮುಂದೆ ಕೂತವರು ಗಂಡಸೋ ಹೆಂಗಸೋ ತಿಳಿಯುವುದಿಲ್ಲ.

ನಿಮ್ಮ ಮಡಕೆಗಳಿಗೆ ಹೀಗೆ ಆಗುವುದಿಲ್ಲವಲ್ಲ, ನೀವು ಏನು ಮಾಡುತ್ತೀರಿ ಎಂದು ಮೇಡಂ ಕೇಳಿದರು. ಮಣ್ಣು ತುಳಿಯುವಾಗ ಎರಡು ಸೇರು ಕಲ್ಲುಪ್ಪು ಹಾಕುತ್ತೇವೆ, ದೃಷ್ಟಿಯಾಗದಿರಲಿ ಎಂದು ಹಿರಿಯರು ಮಾಡಿದ್ದು ಎಂದೆ. ನಿನಗೆ ನೆನಪಿದೆಯಲ್ಲ, ಪಾಳ್ಯದ ಅಂಗಡಿಯಿಂದ ಆ ಉಪ್ಪನ್ನು ಹೊತ್ತು ತರುತ್ತಿದ್ದವಳು ನೀನೇ. ಮೇಡಂ ಕುಣಿದಾಡುವುದೊಂದು ಬಾಕಿ. ಆ ಉಪ್ಪೇ ಸುಣ್ಣವನ್ನು ಉಬ್ಬಲು ಬಿಡುವುದಿಲ್ಲ, ನಿಮ್ಮ ಹಿರಿಯರು ಬುದ್ಧಿವಂತರು ಎಂದು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಹಾಗಾದರೆ ಆ ವರ್ಷ ಮಣ್ಣಿಗೆ ಉಪ್ಪು ಕಡಿಮೆ ಬಿದ್ದಿರಬೇಕು. ಯಾರ ಕೈ ತಪ್ಪೋ, ಹಳೆಯ ಮಾತು. ನಿನ್ನ ಕೈಯದ್ದಂತೂ ಅಲ್ಲ.

ಮುಂದಿನ ಭಾನುವಾರ ಯುಗಾದಿ. ಶನಿವಾರವೇ ಬಂದುಬಿಡು. ಹಾಸನದ ಬಸ್ಸು ಹತ್ತಿದರೆ ಬಾಳ್ಳುಪೇಟೆ ದಾಟಿ ಪಾಳ್ಯದಲ್ಲೇ ಇಳಿಯಬಹುದು. ಸೋಮವಾರ ಹೊಸತೊಡಕು. ಆ ದಿನ ಮಾಡಿದ್ದನ್ನು ವರ್ಷವೆಲ್ಲ ಮಾಡುತ್ತೇವೆ ಅನ್ನುತ್ತಾರಲ್ಲ, ಅವತ್ತು ನಮ್ಮ ಕೊಟ್ಟಿಗೆಯಲ್ಲಿ, ನಿನ್ನ ತಾತನ ತಿಗುರಿಯ ಮುಂದೆ ನೀನು ಕೂರಬೇಕು. ಹಬ್ಬದ ರಜೆ ಮುಗಿದು ಮಂಗಳವಾರದಿಂದ ತರಬೇತಿ ಮತ್ತೆ ಶುರು, ಉಳಿದಿರುವುದು ಕೊನೆಯ ವಾರ. ಒಬ್ಬಳು ಬಿಟ್ಟುಹೋಗಿದ್ದಾಳೆ, ಆ ಜಾಗ ನನ್ನ ಮಗಳಿಗೆ ಇಟ್ಟಿರಿ ಎಂದು ಮೇಡಂ ಹತ್ತಿರ ಕೇಳಿಕೊಂಡಿದ್ದೇನೆ. ಮಂಗಳವಾರ ಬೆಳಿಗ್ಗೆಯವರೆಗೆ ಕಾಯುತ್ತಾರೆ, ಆಮೇಲೆ ಇನ್ನೊಬ್ಬರಿಗೆ ಕೊಡುತ್ತಾರೆ. ಒಂದು ವಾರದ ಮಟ್ಟಿಗೆ ಅಡುಗೆ ಮಾಡಿಕೊಳ್ಳಲು ಅಳಿಯಂದಿರಿಗೆ ಬರುತ್ತದೆ. ಬಾರದಿದ್ದರೆ ಕಲಿಯಲಿ, ಎಲ್ಲರೂ ಕಲಿಯುವ ಕಾಲ ಇದು.

ನನ್ನ ಮೇಲಿನ ಸಿಟ್ಟು ಬಿಟ್ಟು ಬಾ ಎಂದು ಕೇಳುತ್ತಿಲ್ಲ. ಸಿಟ್ಟು ತೆಗೆದುಕೊಂಡೇ ಬಾ. ನಿನ್ನ ಕೈಯಲ್ಲಿ ಯಾವ ದೋಷವೂ ಇಲ್ಲ ಎಂದು ನಿನ್ನ ಕೈಗೇ ಗೊತ್ತಾಗಬೇಕು, ನನಗೆ ಅಷ್ಟು ಸಾಕು.

ಇಂತಿ ನಿನ್ನ ಅಪ್ಪ,
ಚಲುವಯ್ಯ

ವಿ. ಸೂ.: ಮೇಲೆ ಬರೆದದ್ದನ್ನು ನಿನ್ನ ಅಮ್ಮನಿಗೆ ಓದಿ ಹೇಳಿದೆ. ಅವಳು ಕಣ್ಣೊರೆಸಿಕೊಂಡು, ಈಗಲಾದರೂ ಬುದ್ಧಿ ಬಂತಲ್ಲ ಎಂದು ಎದ್ದು ಹೋದಳು. ಅವಳು ಹಿತ್ತಿಲಿಗೆ ಹೋದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಚಿಪ್ಪು, ಸುಣ್ಣದ ವಿಷಯ ಮೇಡಂ ಹೇಳಿದ್ದು ನಿಜ. ಆದರೆ ದೃಷ್ಟಿಗೆ ಉಪ್ಪು ಹಾಕುತ್ತೇವೆ ಎಂದದ್ದು ಸುಳ್ಳು. ಉಪ್ಪು ಬಿಟ್ಟರೆ ಮಡಕೆ ಉದುರುತ್ತದೆ ಎಂದು ನಿನ್ನ ತಾತ ನನಗೆ ಎಳೆಯ ವಯಸ್ಸಿನಲ್ಲೇ ಹೇಳಿದ್ದರು. ಆ ವರ್ಷ ನಾನು ಊರ ನಾಟಕದಲ್ಲಿ ರಾಜನ ಪಾತ್ರ ಹಿಡಿದಿದ್ದೆ. ಮಾತು ಬಾಯಿಪಾಠ ಮಾಡುತ್ತಾ ಮಣ್ಣು ತುಳಿದೆ. ನೀನು ತಂದುಕೊಟ್ಟ ಉಪ್ಪನ್ನು ಹಾಕಲು ಮರೆತೆ. ಮಡಕೆಗಳನ್ನು ತಂದು ಸುರಿದ ದಿನ ತಲೆ ಎತ್ತಿದರೆ, ನಿನ್ನ ಹಳೆಯ ಲಂಗದ ಬಟ್ಟೆಯಲ್ಲಿ ಕಟ್ಟಿದ ಉಪ್ಪಿನ ಗಂಟು ಕೊಟ್ಟಿಗೆಯ ತೊಲೆಯ ಮೇಲೆ ಹಾಗೆಯೇ ಇತ್ತು. ಇನ್ಯಾರಾದರೂ ತಲೆ ಎತ್ತಿದ್ದರೆ ಕಾಣುತ್ತಿತ್ತು. ಅವರ ಕಣ್ಣೆಲ್ಲ ನಿನ್ನ ಮೇಲೇ ಇರಲಿ ಎಂದು ಹೊಡೆದೆ ಮಗಳೇ. ಸಂಜೆ ಅದನ್ನು ಬಿಚ್ಚಿ ದನದ ಬಾನಿಗೆ ಸುರಿದೆ.

ಉಪ್ಪು ತಿಂದವನು ನೀರು ಕುಡಿಯಲೇಬೇಕು. ಹೊಸತೊಡಕಿನ ದಿನ ನೆಂಟರೆಲ್ಲ ಸೇರಿರುತ್ತಾರೆ, ಬೋರಯ್ಯನೂ ಇರುತ್ತಾನೆ. ಅವರೆಲ್ಲರ ಎದುರಿಗೆ, ಅದೇ ಕೊಟ್ಟಿಗೆಯಲ್ಲಿ ನಿಂತು ಇದನ್ನು ಹೇಳುತ್ತೇನೆ. ನೀನು ಬಂದರೂ ಹೇಳುತ್ತೇನೆ, ಬಾರದಿದ್ದರೂ ಹೇಳುತ್ತೇನೆ. ಇದನ್ನು ಓದಿದ ಮೇಲೆ ನನ್ನ ಮುಖ ನೋಡಲು ಮನಸ್ಸಾಗದಿದ್ದರೆ ಅಮ್ಮನ ಹತ್ತಿರ ಒಂದು ಮಾತು ಹೇಳಿ ಕಳಿಸು. ಹೇಳಿ ಮುಗಿಸಿದ ಮೇಲೆ ನಾನು ತರಬೇತಿಯ ಕಡೆ ಬರುವುದಿಲ್ಲ, ಜಾಗ ನಿನ್ನದೇ.

ಸೋಮವಾರಕ್ಕೆಂದು ಇವತ್ತು ಬೆಳಿಗ್ಗೆ ಮಣ್ಣು ತುಳಿದು ಇಟ್ಟಿದ್ದೇನೆ. ಬರುವಾಗ ಏನೂ ತರಬೇಡ. ಈ ಸಲ ಉಪ್ಪನ್ನು ನಾನೇ ಹೊತ್ತು ತಂದೆ, ಮೊದಲು ಅದನ್ನೇ ಹಾಕಿದೆ.