ಬಲಗಣ್ಣಿನ ಪಟ್ಟಿ

ತಂಗೀ,

ನಾನು ಕೆಲಸಕ್ಕೆ ಹೊರಟೆ. ಮರಿ ಇನ್ನೂ ಮಲಗಿದ್ದಾಳೆ.

ಎದ್ದ ಮೇಲೆ ಹಾಲು ಕೊಟ್ಟು ಬಲಗಣ್ಣಿಗೆ ಪಟ್ಟಿ ಅಂಟಿಸು, ಅದರ ಮೇಲೆ ಕನ್ನಡಕ ಹಾಕು. ಪೂರ್ತಿ ಎರಡು ಗಂಟೆ ಇರಬೇಕು. ಚೆನ್ನಾಗಿರುವ ಕಣ್ಣನ್ನು ಮುಚ್ಚಿದರೇನೇ ಸೋಮಾರಿ ಎಡಗಣ್ಣು ನೋಡಲು ಕಲಿಯುವುದು ಎಂದು ನಿನಗೆ ನಾನು ಬೇರೆ ಹೇಳಬೇಕೇ? ಡಾಕ್ಟರು ಎಲ್ಲವನ್ನೂ ನಿನ್ನ ಮುಖ ನೋಡಿಕೊಂಡೇ ಹೇಳಿದರಲ್ಲ.

"ಕಣ್ಣು ಓರೆ ಆಗ್ತಿರೋದನ್ನ ಮೊದಲು ನೋಡಿದ್ದು ಯಾರು?" ಎಂದು ಅವರು ಕೇಳಿದಾಗ ನಾನೇ ನಿನ್ನ ಕಡೆ ಕೈ ತೋರಿಸಿದೆ. "ಒಳ್ಳೇ ಸಮಯಕ್ಕೆ ಕರ್ಕೊಂಡು ಬಂದ್ರಿ, ತಾಯಿ" ಎಂದು ನಿನಗೇ ಹೇಳಿದರು. ಹೆತ್ತವಳು ನಾನು ಬ್ಯಾಗು ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ?

ನೀನಾದರೆ ಮರಿ ಹಾಡಿಕೊಂಡು ಪಟ್ಟಿ ಹಾಕಿಸಿಕೊಳ್ಳುತ್ತಾಳೆ. ನನ್ನ ಕೈ ಕಂಡರೆ ಮಂಚದ ಕೆಳಗೆ ಓಡುತ್ತಾಳೆ. ಅದೇನು ಮೋಡಿ ಮಾಡಿದ್ದೀಯೋ!

ಮಣಿ ಪೋಣಿಸಲು ಕೊಡು. ಟಿವಿ ಬೇಡ.

ನಿನ್ನೆ ನೀನು ಪೇಟೆ ಅಂಗಡಿಗೆ ಹೋದಾಗ ಅವಳನ್ನು ಹಿಡಿದು ನಾನೇ ಪಟ್ಟಿ ಅಂಟಿಸಿಬಿಟ್ಟೆ. ಚೀರಾಡಿದಳು. ಆಮೇಲೆ ಎಡಗಣ್ಣನ್ನು ಕಿರಿದು ಮಾಡಿ ನನ್ನನ್ನೇ ನೋಡುತ್ತಾ, "ಚಿಕ್ಕೀ, ಬಂದ್ಯಾ?" ಎಂದಳು. ಆ ಮಬ್ಬುಗಣ್ಣಿಗೆ ಅಕ್ಕ ತಂಗಿ ಇಬ್ಬರೂ ಒಂದೇ.

ನಿನ್ನ ಹಾಗೆ ದನಿ ಮಾಡಿ, "ಹೂಂ, ಬಂದೆ" ಎಂದೆ. ಅಳು ನಿಲ್ಲಿಸಿ ನನ್ನ ಮಡಿಲಿಗೆ ಬಂದು ಕೂತಳು. ಎರಡು ಗಂಟೆ ಅಲ್ಲಾಡಲಿಲ್ಲ.

ಅವಳಿಗೆ ಹೇಳಬೇಡ.

ಅಕ್ಕ